ಮದುಮಗಳ ಹಲ್ಲು ಮತ್ತು ಮೊಹಲ್ಲಾದ ನೀರು

ಕೆಲವು ತಿಂಗಳ ಹಿಂದೆ ಓರ್ವ ತಂದೆ ನಮ್ಮನ್ನು ಕಾಣಲು ಬಂದಿದ್ದರು. ಶಿಡ್ಲಘಟ್ಟದ ಕಡೆಯವರು. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಇಪ್ಪತ್ತೈದು ವರ್ಷಗಳಿಂದ ದುಡಿಯುತ್ತಿರುವವರು. ಬಿಸಿ ನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಎತ್ತಿ ಎತ್ತಿ ಅವರ ಬೆರಳ ತುದಿಗಳು ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಮಗಳ ಮದುವೆಗೆ ಎರಡು ವಾರ ಉಳಿದಿದೆ, ಸಾಲ ಕೊಡುವ ಯಾವುದಾದರೂ ಟ್ರಸ್ಟ್ ಇದ್ದರೆ ತಿಳಿಸಿ ಎಂದರು. ವರದಕ್ಷಿಣೆಗಾಗಿಯೇ ಎಂದು ನಾವು ತುಸು ಬಿರುಸಾಗಿಯೇ ಕೇಳಿದೆವು. ಅವರು ತಲೆ ತಗ್ಗಿಸಿ, 'ಅಲ್ಲ, ವರನ ಮನೆಯವರು ಒಂದು ರೂಪಾಯಿಯನ್ನೂ ಕೇಳಿಲ್ಲ. ಹಲ್ಲಿಗಾಗಿ' ಎಂದರು.

ಸಂಗತಿ ಇಷ್ಟು. ಮಾತುಕತೆ ಮುಗಿದಿತ್ತು, ಮಹ್ರ್ ನಿಗದಿಯಾಗಿತ್ತು, ಶಾದಿ ಮಹಲ್ ಗೊತ್ತುಪಡಿಸಲಾಗಿತ್ತು. ಆಮೇಲೆ ಒಂದು ದಿನ ವರನ ತಾಯಿ ಫೋನ್ ಮಾಡಿ, ಹುಡುಗಿ ಒಳ್ಳೆಯವಳು, ಓದಿದವಳು, ನಮಗೇನೂ ತಕರಾರಿಲ್ಲ, ಆದರೆ ನಕ್ಕರೆ ಹಲ್ಲು ಕಂದಾಗಿ ಕಾಣುತ್ತದೆ, ವಲೀಮಾಕ್ಕೆ ನಮ್ಮ ಕಡೆಯ ನೂರಾರು ಜನ ಬರುತ್ತಾರೆ, ಅಷ್ಟರೊಳಗೆ ಅದನ್ನು ಬೆಳ್ಳಗೆ ಮಾಡಿಸಿಬಿಡಿ ಎಂದಿದ್ದರು. ಮನೆಯವರು ಮೊದಲು ಹುಡುಗಿಯನ್ನು ಹತ್ತಿರದ ಬ್ಯೂಟಿ ಪಾರ್ಲರೊಂದಕ್ಕೆ ಕರೆದೊಯ್ದರು. ಅಲ್ಲಿ ಹಲ್ಲಿಗೆ ಏನನ್ನೋ ಹಚ್ಚಿ, ನೀಲಿ ಬೆಳಕು ಹಿಡಿದು, ಅರ್ಧ ಗಂಟೆ ಕೂರಿಸಿದರು. ಆ ರಾತ್ರಿ ಆಕೆಯ ವಸಡು ಸುಣ್ಣದಂತೆ ಬೆಳ್ಳಗಾಗಿ ಸುಲಿಯಿತು. ತಣ್ಣೀರು ಬಾಯಿಗಿಟ್ಟರೆ ನೆತ್ತಿಯವರೆಗೆ ನೋವು. ಇಷ್ಟಾಗಿಯೂ ಹಲ್ಲಿನ ಕಂದು ಕಲೆ ಕದಲಿರಲಿಲ್ಲ. ಬದಲಿಗೆ ಅದರ ಸುತ್ತ ಮೊದಲೇ ಇದ್ದ ಬಿಳಿ ಮಚ್ಚೆಗಳು ಇನ್ನಷ್ಟು ಬಿಳಿಯಾಗಿ ಎದ್ದು ಕಾಣತೊಡಗಿದವು. ಈಗ ದೊಡ್ಡ ಕ್ಲಿನಿಕ್ಕಿಗೆ ಹೋಗಬೇಕು, ಅದಕ್ಕೆ ದುಡ್ಡು ಬೇಕು. ಅವರು ಬಂದಿದ್ದು ಇದಕ್ಕೆ.

ನಮ್ಮ ಪುಟಗಳಲ್ಲಿ ವರದಕ್ಷಿಣೆಯ ಬಗ್ಗೆ ನಾವು ಬರೆದದ್ದಕ್ಕೆ ಲೆಕ್ಕವಿಲ್ಲ. ಎಷ್ಟೋ ಜಮಾಅತ್‌ಗಳಲ್ಲಿ ಇಂದು ವರದಕ್ಷಿಣೆ ಕೇಳುವುದೇ ನಾಚಿಕೆಯ ವಿಷಯವಾಗಿದ್ದರೆ ಅದರಲ್ಲಿ ಅನೇಕ ಖತೀಬರ, ಯುವಕರ, ತಾಯಂದಿರ ಪರಿಶ್ರಮವಿದೆ. ಆದರೆ ಬಾಗಿಲಲ್ಲಿ ತಡೆದದ್ದು ಕಿಟಕಿಯಿಂದ ಒಳಬರುತ್ತಿದೆಯೇ ಎಂಬ ಶಂಕೆ ನಮ್ಮನ್ನು ಆ ದಿನದಿಂದ ಕಾಡುತ್ತಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಹಲ್ಲಿನ ಮಾತಿಲ್ಲ. ಚರ್ಮದ ಬಣ್ಣದ ಮಾತೂ ಇಲ್ಲ. ಹುಡುಗಿಯ ಮೈಮೇಲೆ ಮಾಡಿಸಬೇಕಾದ 'ರಿಪೇರಿ'ಯ ಪಟ್ಟಿ ಕೊಟ್ಟು, ಅದರ ಖರ್ಚನ್ನು ಆಕೆಯ ತಂದೆಯ ತಲೆಗೆ ಕಟ್ಟುವುದು ಯಾವ ಕಲಮಿನ ಅಡಿಯಲ್ಲೂ ಬಾರದು. ಆದರೆ ಸಾಲ ಸಾಲವೇ. ನಗದನ್ನು ವರನ ಕೈಗೆ ಕೊಟ್ಟರೂ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೊಟ್ಟರೂ ಶಿಡ್ಲಘಟ್ಟದ ಆ ಮನೆಯಲ್ಲಿ ತೀರಿಸಬೇಕಾದ ಕಂತು ಒಂದೇ.

ಈ ವಿಷಯವನ್ನು ಅರ್ಥ ಮಾಡಿಕೊಳ್ಳಲು ಮೊದಲು ಹಲ್ಲನ್ನೇ ನೋಡಬೇಕು. ಹಲ್ಲಿನ ಹೊರಪದರ ಎನಾಮಲ್. ಅದು ಗಾಜಿನಂತೆ ಅರೆಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಸಹಜವಾಗಿಯೇ ಹಳದಿ. ಆದುದರಿಂದ ಆರೋಗ್ಯವಂತ ಮನುಷ್ಯನ ಹಲ್ಲು ಕಾಗದದಂತೆ ಬಿಳಿಯಾಗಿರುವುದಿಲ್ಲ. ಅದು ತುಸು ಹಳದಿ ಬೆರೆತ ಬಿಳಿ, ದಂತದ ಬಣ್ಣ. ಕೃತಕ ಹಲ್ಲು ಕಟ್ಟುವಾಗ ಬಣ್ಣ ಹೊಂದಿಸಲು ದಂತವೈದ್ಯರು ಬಳಸುವ ವೀಟಾ ಎಂಬ ಮಾದರಿ ಪಟ್ಟಿಯಲ್ಲಿ 16 ಛಾಯೆಗಳಿವೆ. ಅವೆಲ್ಲವೂ ಮನುಷ್ಯರ ಸಹಜ ಹಲ್ಲಿನ ಬಣ್ಣಗಳೇ. ಟಿವಿಯ ನಟ ನಟಿಯರ ಬಾಯಲ್ಲಿ ನಾವು ಕಾಣುವ ಬಿಳುಪಾದರೋ ಆ ಹದಿನಾರರ ಆಚೆಗಿನದ್ದು. ಬ್ಲೀಚಿಂಗ್ ಬಂದ ಮೇಲೆ ಅದಕ್ಕೆಂದೇ ಬೇರೆ ಛಾಯೆಗಳನ್ನು ಸೇರಿಸಬೇಕಾಯಿತು. ಅಂದರೆ ನಾವು ನಮ್ಮ ಹೆಣ್ಣುಮಕ್ಕಳಿಂದ ಅಪೇಕ್ಷಿಸುತ್ತಿರುವುದು ಅಲ್ಲಾಹನು ಯಾವ ಮನುಷ್ಯನಿಗೂ ಕೊಡದ ಬಣ್ಣವನ್ನು.

ಸೌಂದರ್ಯದ ಮಾನದಂಡಗಳು ಎಷ್ಟು ಚಂಚಲ ಎಂಬುದಕ್ಕೆ ನಮ್ಮದೇ ಅಜ್ಜಿಯಂದಿರು ಸಾಕ್ಷಿ. ದಖ್ಖನಿನ ಮುಸ್ಲಿಮ್ ಮನೆಗಳಲ್ಲಿ ಮದುವೆಯಾದ ಹೆಣ್ಣು ಹಲ್ಲಿಗೆ ಮಿಸ್ಸಿ ಹಚ್ಚಿಕೊಳ್ಳುವುದು ಒಂದು ಕಾಲದಲ್ಲಿ ಶೃಂಗಾರದ ಭಾಗವಾಗಿತ್ತು. ಮಾಯಿಫಲ, ಕಬ್ಬಿಣದ ಲವಣ ಮೊದಲಾದವನ್ನು ಕುಟ್ಟಿ ಮಾಡಿದ ಆ ಪುಡಿ ಹಲ್ಲನ್ನು, ವಸಡನ್ನು ಕಪ್ಪಾಗಿಸುತ್ತಿತ್ತು. ಜಾಫರ್ ಷರೀಫ್ ಬರೆದು, ಹರ್ಕ್‌ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ತಂದು 1832ರಲ್ಲಿ ಪ್ರಕಟವಾದ 'ಕಾನೂನೆ ಇಸ್ಲಾಂ' ಎಂಬ ಗ್ರಂಥ ದಖ್ಖನಿ ಮುಸ್ಲಿಮರ ಆಚಾರಗಳನ್ನು ವಿವರಿಸುವಾಗ ಮಿಸ್ಸಿಯನ್ನು ಬಿಟ್ಟಿಲ್ಲ. ಅತ್ತ ಜಪಾನಿನಲ್ಲೂ ವಿವಾಹಿತ ಸ್ತ್ರೀಯರು ಹಲ್ಲು ಕಪ್ಪಾಗಿಸಿಕೊಳ್ಳುತ್ತಿದ್ದರು. 1873ರಲ್ಲಿ ಅಲ್ಲಿನ ಸಾಮ್ರಾಜ್ಞಿ ಆ ರೂಢಿಯನ್ನು ಕೈಬಿಟ್ಟು ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡ ಬಳಿಕವೇ ಅದು ಹಿಂದೆ ಸರಿಯತೊಡಗಿದ್ದು. ಅಂದು ಬಿಳಿ ಹಲ್ಲಿನ ಸೊಸೆಯನ್ನು ಕಂಡು ಮೂಗು ಮುರಿದ ಅತ್ತೆಯರೂ ಇದ್ದಿರಬಹುದು! ಮುತ್ತಜ್ಜಿಯ ಹಲ್ಲು ಕಪ್ಪಾಗಬೇಕಿತ್ತು, ಮರಿಮಗಳ ಹಲ್ಲು ಹಾಲಿನಂತಾಗಬೇಕಿದೆ. ಎರಡು ಸಲವೂ ಬದಲಾಗಬೇಕಾದದ್ದು ಹೆಣ್ಣಿನ ಬಾಯಿಯೇ.

ಇನ್ನು ಬಿಳುಪಾಗಿಸುವ ವಿಧಾನ. ಇದರ ಮೂಲವಸ್ತು ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ಅದನ್ನು ನಿಧಾನವಾಗಿ ಬಿಡುಗಡೆ ಮಾಡುವ ಕಾರ್ಬಮೈಡ್ ಪೆರಾಕ್ಸೈಡ್. ಇದು ಎನಾಮಲ್‌ ಮೂಲಕ ಡೆಂಟಿನ್‌ವರೆಗೆ ಇಳಿದು ಅಲ್ಲಿ ಬಣ್ಣ ಕೊಡುವ ಅಣುಗಳನ್ನು ಒಡೆಯುತ್ತದೆ. ಹೇವುಡ್ ಮತ್ತು ಹೇಮನ್ ಎಂಬ ಅಮೆರಿಕದ ಇಬ್ಬರು ದಂತವೈದ್ಯರು 1989ರಲ್ಲಿ ಒಂದು ಸುಲಭ ವಿಧಾನವನ್ನು ಪ್ರಕಟಿಸಿದರು. ಹಲ್ಲಿನ ಅಚ್ಚಿಗೆ ಹೊಂದುವ ತೆಳು ಟ್ರೇಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಹಾಕಿ ರಾತ್ರಿ ಧರಿಸಿ ಮಲಗುವುದು. ಎರಡರಿಂದ ನಾಲ್ಕು ವಾರಗಳಲ್ಲಿ ಬಣ್ಣ ತಿಳಿಯಾಗುತ್ತದೆ. ಆ ಶೇ. 10ರಲ್ಲಿ ಇರುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ. 3.5 ಮಾತ್ರ. ಇಂದಿಗೂ ವೈದ್ಯರು ಹೆಚ್ಚು ನಂಬುವ ದಾರಿ ಇದೇ. ಕ್ಲಿನಿಕ್ಕಿನಲ್ಲಿ ಒಂದೇ ದಿನದಲ್ಲಿ ಮಾಡುವ ವಿಧಾನದಲ್ಲಾದರೆ ಶೇ. 25ರಿಂದ 40ರ ವರೆಗಿನ ಪ್ರಬಲ ದ್ರಾವಣವನ್ನು ಬಳಸುತ್ತಾರೆ. ವಸಡಿಗೆ ತಾಗದಂತೆ ರಕ್ಷಣೆಯ ಪದರ ಹಾಕದಿದ್ದರೆ ಆಗುವುದೇನೆಂಬುದನ್ನು ಶಿಡ್ಲಘಟ್ಟದ ಹುಡುಗಿ ಕಂಡಿದ್ದಾಳೆ. ಆ ನೀಲಿ ಬೆಳಕಿನಿಂದ ಹೇಳಿಕೊಳ್ಳುವಷ್ಟು ಪ್ರಯೋಜನವಿಲ್ಲ ಎಂಬುದೇ ಬಹುತೇಕ ಪರಿಶೀಲನೆಗಳ ತೀರ್ಮಾನ. ಕೆಲಸ ಮಾಡುವುದು ರಾಸಾಯನಿಕ. ಬೆಳಕು ಮಾಡುವುದು ಗಿರಾಕಿಯನ್ನು ಒಪ್ಪಿಸುವ ಕೆಲಸ. ಅಷ್ಟಲ್ಲದೆ ಅರ್ಧ ಗಂಟೆ ಬಾಯಿ ತೆರೆದಿಟ್ಟರೆ ಹಲ್ಲು ಒಣಗಿ ಒಂದೆರಡು ದಿನ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ತೇವ ಮರಳಿದಾಗ ಆ ಬಿಳುಪಿನ ಒಂದು ಪಾಲು ಹೊರಟುಹೋಗುತ್ತದೆ. 'ಮೊದಲು' ಮತ್ತು 'ನಂತರ' ಎಂಬ ಜೋಡಿ ಫೋಟೋಗಳನ್ನು ಯಾವಾಗ ತೆಗೆದದ್ದು ಎಂದು ಯಾರೂ ಕೇಳುವುದಿಲ್ಲ.

ಯುರೋಪಿನಲ್ಲಿ 2012ರ ಅಕ್ಟೋಬರ್ ಅಂತ್ಯದಿಂದ ಜಾರಿಯಲ್ಲಿರುವ ನಿಯಮದಂತೆ ಶೇ. 0.1ಕ್ಕಿಂತ ಹೆಚ್ಚು ಪೆರಾಕ್ಸೈಡ್ ಇರುವ ಬಿಳುಪುಕಾರಕವನ್ನು ನೇರವಾಗಿ ಜನರಿಗೆ ಮಾರುವಂತಿಲ್ಲ. ಶೇ. 6ರ ವರೆಗಿನದ್ದನ್ನು ದಂತವೈದ್ಯರ ಮೂಲಕವೇ ಕೊಡಬೇಕು, ಹದಿನೆಂಟು ತುಂಬದವರಿಗೆ ಕೊಡುವಂತಿಲ್ಲ. ಬ್ರಿಟನ್ನಿನಲ್ಲಿ ಹಲ್ಲು ಬಿಳುಪಾಗಿಸುವುದು ದಂತವೈದ್ಯಕೀಯವೇ ಹೊರತು ಪಾರ್ಲರಿನ ಕೆಲಸವಲ್ಲ ಎಂದು ಅಲ್ಲಿನ ಹೈಕೋರ್ಟು 2013ರಲ್ಲಿ ಸ್ಪಷ್ಟವಾಗಿ ಹೇಳಿತು. ನಮ್ಮ ಪಟ್ಟಣಗಳಲ್ಲಿ ಮದರಂಗಿ ಹಚ್ಚುವವರು, ಹುಬ್ಬು ತಿದ್ದುವವರು ಅದೇ ಕುರ್ಚಿಯಲ್ಲಿ ಹಲ್ಲಿಗೂ ಕೈ ಹಾಕುತ್ತಿದ್ದಾರೆ. ಮದುವೆ ಪ್ಯಾಕೇಜಿನ ಪಟ್ಟಿಯಲ್ಲಿ ಮುಖದ ಫೇಶಿಯಲ್ಲಿನ ಕೆಳಗಿನ ಸಾಲಿನಲ್ಲಿ ಅದೂ ಸೇರಿಕೊಂಡಿದೆ.

ದುಡ್ಡಿಲ್ಲದವರ ದಾರಿ ಇನ್ನೂ ಅಪಾಯಕಾರಿ. ಲಿಂಬೆಹಣ್ಣಿನ ರಸಕ್ಕೆ ಅಡುಗೆ ಸೋಡ ಬೆರೆಸಿ ಉಜ್ಜುವುದು, ಇದ್ದಿಲ ಪುಡಿ, ಉಮಿಯ ಕರಿ, ಇಟ್ಟಿಗೆ ಪುಡಿ. ಮೊಬೈಲಿನಲ್ಲಿ ನೋಡಿ ಕಲಿತ ಹುಡುಗಿಯರು ನಿಕಾಹ್‌ಗೆ ಹತ್ತು ದಿನವಿರುವಾಗ ಇದನ್ನೆಲ್ಲ ದಿನಕ್ಕೆ ಮೂರು ಬಾರಿ ಮಾಡುತ್ತಾರೆ. ಲಿಂಬೆಯ ಆಮ್ಲ ಎನಾಮಲನ್ನು ಮೆದುವಾಗಿಸುತ್ತದೆ, ಆ ಮೇಲೆ ಪುಡಿ ಅದನ್ನು ತೇಯ್ದು ಹಾಕುತ್ತದೆ. ಎನಾಮಲಿನಲ್ಲಿ ಜೀವಕೋಶಗಳಿಲ್ಲ. ಕೂದಲಿನಂತೆ, ಉಗುರಿನಂತೆ ಅದು ಮತ್ತೆ ಬೆಳೆಯದು. ಅದು ತೆಳುವಾದಷ್ಟೂ ಕೆಳಗಿನ ಡೆಂಟಿನ್ನಿನ ಹಳದಿ ಹೆಚ್ಚು ಕಾಣುತ್ತದೆ. ಅಂದರೆ ಬಿಳುಪಿಗಾಗಿ ಉಜ್ಜಿದಷ್ಟೂ ಹಲ್ಲು ಹಳದಿಯಾಗುತ್ತಾ ಹೋಗುತ್ತದೆ. ಇದ್ದಿಲಿನ ಪೇಸ್ಟು ಸುರಕ್ಷಿತ ಅಥವಾ ಪರಿಣಾಮಕಾರಿ ಎನ್ನಲು ತಕ್ಕ ಆಧಾರವಿಲ್ಲ ಎಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಪರಿಶೀಲನೆ ಹೇಳಿದೆ. ಆದರೂ ಅದೇ ಇದ್ದಿಲು ಕಪ್ಪು ಟ್ಯೂಬಿನಲ್ಲಿ ದುಬಾರಿ ಬೆಲೆಗೆ ನಮ್ಮ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ.

ಧರ್ಮ ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೆ ದರ್ಸ್‌ನಲ್ಲಿ ಓದಿದ ಎರಡು ಸಂಗತಿಗಳನ್ನು ನೆನಪಿಸಬಹುದು. ಒಂದು, ಸೌಂದರ್ಯಕ್ಕಾಗಿ ಹಲ್ಲನ್ನು ಅರದಿಂದ ತೇಯ್ದು ನಡುವೆ ಸಂದು ಮಾಡಿಕೊಳ್ಳುವ ಅಂದಿನ ಅರಬ್ ರೂಢಿಯನ್ನು ಪ್ರವಾದಿವರ್ಯರು(ಸ) ಕಠಿಣವಾಗಿ ಖಂಡಿಸಿದ್ದು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಇನ್ನೊಂದು, ಯುದ್ಧದಲ್ಲಿ ಮೂಗು ಕಳಕೊಂಡ ಅರ್ಫಜಾ(ರ) ಎಂಬ ಸಹಾಬಿ ಬೆಳ್ಳಿಯ ಮೂಗು ಹಾಕಿಸಿಕೊಂಡು ಅದು ದುರ್ವಾಸನೆ ಬೀರಿದಾಗ, ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅವರಿಗೆ ಚಿನ್ನದ ಮೂಗಿಗೆ ಅನುಮತಿಯಿತ್ತದ್ದು. ಹಲ್ಲನ್ನು ಚಿನ್ನದ ತಂತಿಯಿಂದ ಬಿಗಿಯುವ ಅನುಮತಿಯನ್ನು ಫುಕಹಾಗಳು ಇದರಿಂದಲೇ ಕಂಡುಕೊಂಡರು. ಮೊದಲನೆಯದರಲ್ಲಿ ಸೃಷ್ಟಿಯ ಸಹಜ ರೂಪದ ಬಗ್ಗೆ ಅತೃಪ್ತಿಯಿದೆ, ಎರಡನೆಯದರಲ್ಲಿ ಮನುಷ್ಯನ ಸಂಕಟಕ್ಕೆ ಪರಿಹಾರವಿದೆ. ಕಲೆ ತೆಗೆಸುವುದು, ಹುಳುಕು ತುಂಬಿಸುವುದು, ಕಾಯಿಲೆಯಿಂದ ಬಣ್ಣಗೆಟ್ಟ ಹಲ್ಲನ್ನು ಸರಿಪಡಿಸಿಕೊಳ್ಳುವುದು ಎರಡನೆಯ ಸಾಲಿಗೆ ಸೇರುತ್ತದೆ ಎಂದು ನಾವು ತಿಳಿಯುತ್ತೇವೆ. ಆರೋಗ್ಯವಂತ ಹಲ್ಲನ್ನು ನಟಿಯ ಹಲ್ಲಿನ ಬಣ್ಣಕ್ಕೆ ತರಲೇಬೇಕೆಂಬ ಹಟ ಎಲ್ಲಿಗೆ ಸೇರುತ್ತದೆ ಎಂಬುದನ್ನು ಉಲಮಾಗಳು ಹೇಳಲಿ. ಪ್ರವಾದಿವರ್ಯರು(ಸ) ಮಿಸ್ವಾಕನ್ನು ಎಷ್ಟು ಪ್ರೀತಿಸುತ್ತಿದ್ದರೆಂದರೆ ಮರಣಶಯ್ಯೆಯಲ್ಲೂ ಅದನ್ನು ದಿಟ್ಟಿಸಿದರು, ಆಯಿಶಾ(ರ) ಅದನ್ನು ಮೆದುಮಾಡಿ ಕೊಟ್ಟರು. ಅಲ್ಲಿ ಇದ್ದುದು ಶುಚಿತ್ವದ ಕಾಳಜಿ. ಬಣ್ಣದ ಮಾತು ಎಲ್ಲೂ ಇಲ್ಲ.

ಇಷ್ಟಕ್ಕೂ ಹುಡುಗಿಯ ಹಲ್ಲನ್ನು ನೋಡುವವರ ಬಾಯಿ ಹೇಗಿದೆ? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲಾಗದು. ಹೆಣ್ಣು ನೋಡಲು ಬರುವ ಎಷ್ಟು ಮಂದಿ ಯುವಕರ ಕಿಸೆಯಲ್ಲಿ ಪಾನ್ ಮಸಾಲದ ಪೊಟ್ಟಣವಿರುತ್ತದೆ ಎಂಬುದು ಊರಿನ ಗೂಡಂಗಡಿಯವನಿಗೆ ಗೊತ್ತು. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಮಾರುವವರು ಪಾನ್ ಮಸಾಲವನ್ನೂ ತಂಬಾಕನ್ನೂ ಎರಡು ಪೊಟ್ಟಣಗಳಲ್ಲಿ ಕೊಡತೊಡಗಿದರು. ನಮ್ಮ ಹುಡುಗರು ಎರಡನ್ನೂ ಅಂಗೈಯಲ್ಲಿ ಬೆರೆಸಲು ಕಲಿತರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯು ತಂಬಾಕು ಬೆರೆಯದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಸಾರಿದ ಗ್ರಂಥ 2004ರದ್ದು. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯುವುದು ಕ್ರಮೇಣ ಕಿರಿದಾಗುತ್ತದೆ. ಎರಡು ಬೆರಳಿನಷ್ಟೂ ಬಾಯಿ ತೆರೆಯಲಾಗದ ಯುವಕರನ್ನು ನಾವೇ ಬಲ್ಲೆವು. ಅವರಲ್ಲಿ ಒಬ್ಬನಿಗೂ 'ನಿಕಾಹ್‌ಗೆ ಮುನ್ನ ಬಾಯಿ ತೋರಿಸಿಕೊಂಡು ಬಾ' ಎಂದು ಯಾವ ಹೆಣ್ಣಿನ ತಾಯಿಯೂ ಫೋನ್ ಮಾಡಿದ್ದನ್ನು ನಾವು ಕೇಳಿಲ್ಲ. ಹುಡುಗಿಯ ಹಲ್ಲಿನ ಕಂದು ಬಣ್ಣಕ್ಕೆ ಆಕೆ ಕಾರಣಳಲ್ಲ. ಹುಡುಗನ ಹಲ್ಲಿನ ಕೆಂಪಿಗೆ ಕಾರಣ ಯಾರು?

ಹಾಗಂತ ಮದುವೆಗೆ ಮುನ್ನ ಹಲ್ಲಿನ ಕಡೆ ಗಮನ ಕೊಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಒಂದು ಹೆಣ್ಣು, ಅಥವಾ ಗಂಡು, ತನ್ನ ಬದುಕಿನ ದೊಡ್ಡ ದಿನದಂದು ಸಂಕೋಚವಿಲ್ಲದೆ ನಗಬೇಕೆಂದು ಬಯಸುವುದರಲ್ಲಿ ತಪ್ಪೇನಿದೆ? ಬಯಕೆ ಅವರದೇ ಆಗಿದ್ದರೆ, ಕೈಯಲ್ಲಿ ದುಡ್ಡಿದ್ದರೆ, ಎರಡು ಮೂರು ತಿಂಗಳು ಮೊದಲೇ ದಂತವೈದ್ಯರನ್ನು ಕಾಣಲಿ. ಬಹುತೇಕರಿಗೆ ಹಲ್ಲು ಶುಚಿಗೊಳಿಸಿದರೆ ಸಾಕಾಗುತ್ತದೆ. ಚಹಾ, ಅಡಿಕೆ, ಹೊಗೆಯ ಕಲೆಗಳೆಲ್ಲ ಹೊರಗಿನವು, ಅವು ಅದರಲ್ಲೇ ಹೋಗುತ್ತವೆ. ಹುಳುಕಿದ್ದರೆ ಮೊದಲು ಅದನ್ನು ಮುಚ್ಚಿಸಬೇಕು, ಪೆರಾಕ್ಸೈಡ್ ಆ ತೂತಿನಿಂದ ಒಳಗಿಳಿದರೆ ನೋವು ಸಹಿಸಲಾಗದು. ಮುಂದಿನ ಹಲ್ಲಿಗೆ ಬಣ್ಣ ಹೊಂದಿಸಿ ಫಿಲ್ಲಿಂಗ್ ಮಾಡಿಸುವುದಿದ್ದರೆ ಬ್ಲೀಚಿಂಗ್ ಮುಗಿದು ಎರಡು ವಾರ ಕಾಯಬೇಕು, ಇಲ್ಲವಾದರೆ ಅದು ಗಟ್ಟಿಯಾಗಿ ಅಂಟದು. ಮೊದಲೇ ಹಾಕಿಸಿದ ಕ್ಯಾಪು ಮತ್ತು ಫಿಲ್ಲಿಂಗ್‌ಗಳು ಬ್ಲೀಚಿಂಗ್‌ನಿಂದ ಬಿಳುಪಾಗುವುದಿಲ್ಲ ಎಂಬುದನ್ನು ಅನೇಕರಿಗೆ ಯಾರೂ ಹೇಳಿರುವುದಿಲ್ಲ. ಅಕ್ಕಪಕ್ಕದ ಹಲ್ಲು ಬೆಳ್ಳಗಾದ ಮೇಲೆ ಹಳೆಯ ಕ್ಯಾಪು ಹಳದಿಯಾಗಿ ಎದ್ದು ಕಾಣುತ್ತದೆ. ಆಮೇಲೆ ಅದನ್ನೂ ಬದಲಿಸಬೇಕಾಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಇದನ್ನು ಮುಂದೂಡಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಮನೆಗೆ ಕೊಟ್ಟ ಜೆಲ್ಲನ್ನು ಮದುವೆಯ ನಂತರವೂ ಮುಂದುವರಿಸುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಮತ್ತೊಂದು ಮಾತು. ಬ್ಲೀಚಿಂಗ್ ಆದ ಮೊದಲ ಎರಡು ದಿನ ಬಣ್ಣ ಹಿಡಿಯುವ ಪದಾರ್ಥಗಳನ್ನು ಬಾಯಿಗೆ ಹಾಕದಂತೆ ಹೇಳುತ್ತಾರೆ. ನಮ್ಮ ಮದುವೆ ಮನೆಯನ್ನು ನೆನೆಸಿಕೊಳ್ಳಿ. ಬಂದವರೊಂದಿಗೆಲ್ಲ ಕುಳಿತು ಒಂದೊಂದು ಲೋಟ ಸುಲೈಮಾನಿ, ಅರಿಸಿನ ಹಾಕಿದ ಸಾರು, ಕೇಸರಿಯ ಬಿರಿಯಾನಿ, ಊಟದ ಕೊನೆಯಲ್ಲಿ ಬೀಡಾ. ಮಂಗಳವಾರ ಸಾವಿರಗಟ್ಟಲೆ ಕೊಟ್ಟು ಕೊಂಡ ಬಿಳುಪು ಶುಕ್ರವಾರದ ಹೊತ್ತಿಗೆ ಎಷ್ಟು ಉಳಿದೀತು!

ಈಗ ಶಿಡ್ಲಘಟ್ಟಕ್ಕೆ ಮರಳೋಣ. ಆ ಹುಡುಗಿಯ ಹಲ್ಲಿನ ಬಣ್ಣ ಅಲಕ್ಷ್ಯದಿಂದ ಬಂದದ್ದಲ್ಲ. ಆಕೆ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವವಳು. ಆ ಕಂದು ಬಣ್ಣ ನೀರಿನದ್ದು. ಅದರ ಹೆಸರು ಫ್ಲೋರೋಸಿಸ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗಿನ ಮುಂಡರಗಿ ಮೊದಲಾದ ಕಡೆಗಳಲ್ಲಿ ಅಂತರ್ಜಲ ಕಗ್ಗಲ್ಲಿನ ಪದರಗಳಲ್ಲಿ ನಿಂತು ಅಲ್ಲಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಆಳಕ್ಕಿಳಿದಂತೆ ಈ ನೀರೇ ಜನರ ಪಾಲಿಗೆ ಉಳಿಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲವೆಂದಾದರೆ ಹೆಚ್ಚೆಂದರೆ 1.5 ಎಂಬುದು ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಅದಕ್ಕಿಂತ ಹೆಚ್ಚಾದ ನೀರನ್ನು ಮಗು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಎನಾಮಲ್ ಕೆಡುತ್ತದೆ. ಹಲ್ಲು ಹೊರಬರುವಾಗಲೇ ಸುಣ್ಣದ ಬಣ್ಣದ ಗೆರೆಗಳಿರುತ್ತವೆ, ಅವು ಆಮೇಲೆ ಕಂದಾಗುತ್ತವೆ. ವರ್ಷಗಟ್ಟಲೆ ಅದೇ ನೀರು ಕುಡಿದವರಲ್ಲಿ ಅದು ಮೂಳೆಗೂ ಇಳಿಯುತ್ತದೆ. ಬೆನ್ನು ಬಾಗಿಸಲಾಗದೆ, ಸಜ್ದಾ ಮಾಡಲಾಗದೆ ನಡುವಯಸ್ಸಿಗೇ ಕುರ್ಚಿ ಹಿಡಿದವರನ್ನು ಆ ಜಿಲ್ಲೆಗಳ ಮಸೀದಿಗಳಲ್ಲಿ ನಾವು ಕಂಡಿದ್ದೇವೆ. ಅವರಲ್ಲಿ ಎಷ್ಟು ಮಂದಿಗೆ ಇದೇ ಕಾರಣವೆಂದು ಯಾರೂ ಪರೀಕ್ಷಿಸಿಲ್ಲ.

ಇದು ಹೊಸ ಜ್ಞಾನವೇನಲ್ಲ. ಅಮೆರಿಕದ ಕೊಲರಾಡೊದಲ್ಲಿ ಮೆಕ್‌ಕೇ ಎಂಬ ದಂತವೈದ್ಯ 1901ರಲ್ಲಿ ಊರಿನವರ ಕಂದು ಹಲ್ಲನ್ನು ಕಂಡು ಬೆರಗಾಗಿ ಅದರ ಬೆನ್ನು ಹತ್ತಿದರು. ಕಾರಣ ನೀರಿನ ಫ್ಲೋರೈಡ್ ಎಂದು ತಿಳಿದದ್ದು 1931ರಲ್ಲಿ. ನಮ್ಮ ದೇಶದಲ್ಲಿ ನೆಲ್ಲೂರಿನ ಕಡೆಯ ರೋಗಿಗಳ ಮೂಳೆಯ ಫ್ಲೋರೋಸಿಸ್ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದದ್ದು 1937ರಲ್ಲಿ. ಅಂದಿನಿಂದ ಇಂದಿನವರೆಗೆ ಎಷ್ಟು ತಲೆಮಾರುಗಳು ಕಂದು ಹಲ್ಲಿನೊಂದಿಗೆ ಮದುವೆಯ ಮಾರುಕಟ್ಟೆಯಲ್ಲಿ ನಿಂತು ಹೋದವು! ಅಲ್ಲಿ ಇದು ಮುಸ್ಲಿಮರ ಸಮಸ್ಯೆಯೂ ಅಲ್ಲ, ಹಿಂದೂಗಳ ಸಮಸ್ಯೆಯೂ ಅಲ್ಲ. ಒಂದೇ ಟ್ಯಾಂಕಿನ ನೀರು ಕುಡಿದವರೆಲ್ಲರ ಮಕ್ಕಳ ಹಲ್ಲೂ ಒಂದೇ ಬಣ್ಣ. ಕೊನೆಗೆ ಚೌಕಾಶಿಗೆ ಒಳಗಾಗುವವಳು ಮಾತ್ರ ಹೆಣ್ಣುಮಗಳು.

ಇಂಥ ಹಲ್ಲಿಗೆ ಪಾರ್ಲರಿನ ಬ್ಲೀಚಿಂಗ್ ತಕ್ಕುದಲ್ಲ. ಮೇಲ್ಪದರವನ್ನು ಅತಿ ತೆಳುವಾಗಿ ತಿದ್ದುವ ಮೈಕ್ರೋಅಬ್ರೇಷನ್, ತೀವ್ರವಾಗಿದ್ದರೆ ಮೇಲೆ ಪದರ ಕೂರಿಸುವ ವೆನೀರ್, ಇವು ಅನುಭವಿ ದಂತವೈದ್ಯರ ಕೆಲಸ. ಬ್ಲೀಚಿಂಗ್ ಬೇಕಾದರೂ ಅವರು ಅದನ್ನು ಇವುಗಳ ಜೊತೆ ಅಳೆದು ಮಾಡುತ್ತಾರೆ. ನಾವು ಆ ತಂದೆಗೆ ಸಾಲದ ವಿಳಾಸ ಕೊಡಲಿಲ್ಲ. ಬೆಂಗಳೂರಿನ ಸರಕಾರಿ ದಂತ ವೈದ್ಯಕೀಯ ಕಾಲೇಜಿಗೆ ಮಗಳನ್ನು ಕರೆದೊಯ್ಯಿರಿ, ಅಲ್ಲಿ ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ, ಆದರೆ ಮದುವೆಯ ದಿನದೊಳಗೆ ಆಗಲೇಬೇಕೆಂಬ ಅವಸರ ಬೇಡ, ಮೊದಲು ವಸಡು ಮಾಯಲಿ ಎಂದೆವು. ಅವರ ಜಮಾಅತ್‌ನ ಖತೀಬರು ನಮಗೆ ಪರಿಚಿತರು. ಅವರೊಂದಿಗೆ ಮಾತನಾಡಿದೆವು. ಖತೀಬರು ವರನ ಮನೆಗೆ ಹೋಗಿ ಬಂದರು. ವರನ ತಾಯಿ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರಲ್ಲವಂತೆ, ಈ ನೀರಿನ ಕಥೆ ಅವರಿಗೆ ತಿಳಿದೇ ಇರಲಿಲ್ಲವಂತೆ. ಹುಡುಗನಿಗೆ ತಾಯಿ ಫೋನ್ ಮಾಡಿದ ಸಂಗತಿಯೇ ಗೊತ್ತಿರಲಿಲ್ಲ. ನಿಕಾಹ್ ನಿಗದಿಯಾದ ದಿನವೇ ನಡೆಯಿತು. ಹುಡುಗಿಯ ಹಲ್ಲು ಇದ್ದ ಹಾಗೇ ಇತ್ತು.

ಅದರಿಂದ ಎಲ್ಲ ಸರಿಹೋಯಿತೆಂದು ನಾವು ಭಾವಿಸಿಲ್ಲ. ವಲೀಮಾದಲ್ಲಿ ಯಾರೋ ಏನೋ ಅಂದರಂತೆ. ಫೋಟೋ ತೆಗೆಯುವಾಗ ಆಕೆ ತುಟಿ ಬಿಗಿಹಿಡಿದೇ ನಿಂತಿದ್ದಳಂತೆ. ಒಂದು ಹುಡುಗಿಗೆ ಹದಿನೈದು ವರ್ಷಗಳಿಂದ ಬಾಯಿ ಮುಚ್ಚಿ ನಗುವುದನ್ನು ಕಲಿಸಿದ ಮೇಲೆ ಒಂದು ದಿನದಲ್ಲಿ ಅದು ಮರೆತುಹೋಗದು. ಮುಖದ ಬಿಳುಪಿನ ಕ್ರೀಮೊಂದು 1975ರಿಂದ ನಮ್ಮ ಮನೆಗಳಲ್ಲಿ ಕಪ್ಪು ಹುಡುಗಿಯರಿಗೆ ಇದನ್ನೇ ಕಲಿಸಿತು. 2020ರಲ್ಲಿ ಕಂಪೆನಿ ಅದರ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದು ಹಾಕಿತು. ಹೆಸರು ಬದಲಾದ ಟ್ಯೂಬು ಅದೇ ಕಪಾಟಿನಲ್ಲಿದೆ.

ಮದುವೆಗೆ ಮುನ್ನ ಆ ತಂದೆ ಇನ್ನೊಮ್ಮೆ ಬಂದಾಗ ನಾವು ಅವರ ಮನೆಯ ನೀರಿನ ಬಗ್ಗೆ ವಿಚಾರಿಸಿದೆವು. ಮೊಹಲ್ಲಾದ ಅರವತ್ತಕ್ಕೂ ಹೆಚ್ಚು ಮನೆಗಳಿಗೆ ಮಸೀದಿಯ ಕೊಳವೆಬಾವಿಯೇ ಆಧಾರ. ಶುದ್ಧ ನೀರಿನ ಘಟಕ ದೂರವಿದೆ, ಅದೂ ಆಗಾಗ ಕೆಟ್ಟು ನಿಲ್ಲುತ್ತದೆ. 'ನಾವು ಕಾಯಿಸಿ ಆರಿಸಿಯೇ ಕುಡಿಯುತ್ತೇವೆ' ಎಂದು ಅವರು ಸಮಾಧಾನದಿಂದ ಹೇಳಿದರು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಇನ್ನೂ ಗಟ್ಟಿಯಾಗುತ್ತದೆ ಎಂದು ನಾವು ಹೇಳಬೇಕಾಯಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಕೊಳವೆಬಾವಿಯ ನೀರನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆವು. ಮಿನಾರಕ್ಕೆ ಬಣ್ಣ ಬಳಿಸಿದ್ದೇವೆ, ವುಝೂ ಖಾನೆಗೆ ಗ್ರಾನೈಟ್ ಹಾಸಿದ್ದೇವೆ, ನೀರನ್ನು ಪರೀಕ್ಷಿಸಿಲ್ಲ ಎಂದರು. ಜಿಲ್ಲಾ ಮಟ್ಟದಲ್ಲಿ ಸರಕಾರದ ನೀರು ಪರೀಕ್ಷಾ ಪ್ರಯೋಗಾಲಯಗಳಿವೆ. ಮೊಹಲ್ಲಾ ಸಮಿತಿಯೊಂದು ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿಸಿ ಅಲ್ಲಿಗೆ ಒಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ. ಸ್ಫಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ 'ನಲ್ಗೊಂಡ ವಿಧಾನ' ನೆರೆಯ ತೆಲುಗು ನಾಡಿನ ಹೆಸರು ಹೊತ್ತು ದಶಕಗಳೇ ಆದವು. ಮಳೆನೀರನ್ನು ಹಿಡಿದಿಟ್ಟರೆ ಅದರಲ್ಲಿ ಈ ಫ್ಲೋರೈಡಿನ ಕಾಟವಿಲ್ಲ, ಮಸೀದಿಯ ಮೇಲ್ಛಾವಣಿಯಷ್ಟು ವಿಶಾಲವಾದ ಛಾವಣಿ ಮೊಹಲ್ಲಾದಲ್ಲಿ ಬೇರೆಲ್ಲಿದೆ?

ಹೋಗುವಾಗ ಅವರು ಕಿಸೆಯಿಂದ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಹಿರಿಯ ಮಗನ ಮಗು, ಎಂಟು ತಿಂಗಳಿನದ್ದು. ಕೆಳವಸಡಿನಲ್ಲಿ ಎರಡು ಹಾಲುಹಲ್ಲು ಇಣುಕುತ್ತಿತ್ತು. ತಾಯಿಯ ಹಾಲು ಸಾಲದೆಂದು ಡಬ್ಬಿಯ ಹಾಲುಪುಡಿ ಕಲಸಿ ಕೊಡುತ್ತಿದ್ದಾರೆ ಎಂದರು. ಯಾವ ನೀರಿನಲ್ಲಿ ಎಂದು ನಾವು ಕೇಳುವ ಮೊದಲೇ ಅವರು ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡತೊಡಗಿದ್ದರು.